ಬೀಗರು ಮರ್ಯಾದೆ ಕಾಯ್ದ ಹೆರಿಗೆ

"ನೀವ ಹೇಳ್ರಿ ಬೀಗರ."

"ಛೇ, ನೀವಿರೂವಾಗ ನಾ ಹೆಂಗ ಹೇಳ್ಲಿ? ನೀವ ಹೇಳ್ರಿ."

ಬೈಲಹೊಂಗಲದ ನನ್ನ ಸಣ್ಣ ಹೆರಿಗೆ ಆಸ್ಪತ್ರೆಯ ತಪಾಸಣೆ ಕೋಣೆಯಲ್ಲಿ ಇಬ್ಬರು ಹಿರಿಯ ಹೆಂಗಸರು ಹೀಗೆ ಒಬ್ಬರಿಗೊಬ್ಬರು ಮಾತು ಬಿಟ್ಟುಕೊಡುತ್ತ ಕುಳಿತಿದ್ದರು. ಒಬ್ಬಳು ಬಸುರಿಯ ತಾಯಿ, ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು. ಇನ್ನೊಬ್ಬಳು ಅತ್ತೆ, ಸಂಪಗಾಂವದವಳು. ನಾನು ಕೇಳಿದ್ದು ಬಹಳ ಸಣ್ಣ ಪ್ರಶ್ನೆ. ಮೊದಲನೇ ಹೆರಿಗೆಯಲ್ಲಿ ಸಿಸೇರಿಯನ್ ಮಾಡುವ ಮುಂಚೆ ಕೂಸನ್ನು ಕೆಳಗೆ ದೂಡಲು ಈಕೆ ಎಷ್ಟು ಹೊತ್ತು ತಿಣುಕಿದಳು? ಇಷ್ಟಕ್ಕೆ ಉತ್ತರ ಕೊಡುವ ಗೌರವವನ್ನು ಇಬ್ಬರೂ ತಟ್ಟೆಯಲ್ಲಿಟ್ಟು ಎದುರಿನವಳಿಗೆ ಒಪ್ಪಿಸುತ್ತಿದ್ದರು. ಹೊರಗೆ ಬೆಂಚಿನ ತುಂಬ ಬಸುರಿಯರು ಕಾಯುತ್ತಿದ್ದರು.

ನಡುವೆ ಕುಳಿತಿದ್ದ ನನ್ನ ರೋಗಿ ಮುರಗೋಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಬಾಯಿ ಇದೆ, ದಿನವಿಡೀ ಅದರಿಂದಲೇ ಅನ್ನ ದುಡಿಯುತ್ತಾಳೆ. ಆದರೆ ಬೀಗರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಅವಳೂ ಸೆರಗಿನ ಅಂಚು ಸುತ್ತುತ್ತ ಸುಮ್ಮನೆ ಕುಳಿತಿದ್ದಳು. ನನ್ನ ಪ್ರಶ್ನೆ ಅವಳ ಮೈಯ ಬಗ್ಗೆಯೇ ಇತ್ತು ಎಂಬುದು ಆ ಕೋಣೆಯಲ್ಲಿ ನನ್ನೊಬ್ಬಳಿಗೆ ಮಾತ್ರ ವಿಚಿತ್ರವಾಗಿ ಕಂಡಿರಬೇಕು.

ಅವಳ ಹಿಂದಿನ ಕತೆ ಹೀಗಿತ್ತು. ಮೊದಲನೆಯದು ಹೆಣ್ಣು ಕೂಸು, ಸಿಸೇರಿಯನ್ ಆದದ್ದು, ಈಗ ಅಂಗನವಾಡಿಗೆ ಹೋಗುತ್ತದೆ. ಎರಡನೇ ಬಸಿರು ಆರನೇ ತಿಂಗಳು ಹಿಡಿಯುವಷ್ಟರಲ್ಲಿ ಹೋಯಿತು. ಬೇನೆ ಇಲ್ಲ, ರಕ್ತವಿಲ್ಲ. ಕರಿಹಲಗೆಯ ಮುಂದೆ ನಿಂತವಳಿಗೆ ಕೆಳಗೆ ಭಾರವೆನಿಸಿತು, ಸಂಜೆಯೊಳಗೆ ಕೂಸು ಹೊರಗೆ ಬಂತು. ಸ್ವಲ್ಪ ಹೊತ್ತು ಉಸಿರಾಡಿತಂತೆ. ಆಮೇಲೆ ಎರಡೂ ಮನೆಯವರು ಕೂಡಿ ಕಾರಣ ಹುಡುಕಿದರು. ಶಾಲೆಗೆ ಬೈಕಿನ ಮೇಲೆ ಹೋಗಿದ್ದಕ್ಕೆ ಎಂದರು ಕೆಲವರು, ಪಪ್ಪಾಯಿ ತಿಂದಿದ್ದಕ್ಕೆ ಎಂದರು ಕೆಲವರು, ಓಣಿಯ ಯಾರದೋ ಕಣ್ಣು ಬಿತ್ತು ಎಂದು ಉಳಿದವರು ಕೈ ತೊಳೆದುಕೊಂಡರು. ಈಗ ಮೂರನೆಯದು. ಐದನೇ ತಿಂಗಳು ನಡೆದಿತ್ತು. ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಜೊತೆಯ ಶಿಕ್ಷಕಿಯೊಬ್ಬಳ ಮಾತು ಕೇಳಿ ನನ್ನ ಹತ್ತಿರ ಬಂದಿದ್ದಳು.

ಮೊದಲ ಹೆರಿಗೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ "ಹೆರಿಗೆ ಮುಂದುವರಿಯದ ಕಾರಣ ಸಿಸೇರಿಯನ್" ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ವೃತ್ತಿಯವರ ಸೋಮಾರಿತನಕ್ಕೆ ನಾನು ಹೊಸದಾಗಿ ಬೈಯಬೇಕಿಲ್ಲ. ಗರ್ಭಚೀಲದ ಬಾಯಿ ಎಷ್ಟು ತೆರೆದಿತ್ತು, ತಲೆ ಎಷ್ಟು ಕೆಳಗಿಳಿದಿತ್ತು, ಇದನ್ನು ಒಂದು ಸಾಲಿನಲ್ಲಿ ಬರೆಯಲು ಏನು ಕಷ್ಟವೋ ದೇವರೇ ಬಲ್ಲ. ಅದಕ್ಕೇ ನಾನು ಬಾಯಿಬಿಟ್ಟು ಕೇಳಬೇಕಾಯಿತು.

ಕೊನೆಗೆ ತಾಯಿ ಸೋತಳು. ಸೋತಳು ಅನ್ನುವುದು ತಪ್ಪು, ಹೆಮ್ಮೆಯಿಂದ ಶುರು ಮಾಡಿದಳು.

"ಚೊಚ್ಚಲ ಬಾಣಂತನ ನಮ್ಮನ್ಯಾಗ್ರಿ. ರಾಮದುರ್ಗದ ದವಾಖಾನ್ಯಾಗ ಇಟ್ಟಿದ್ವಿ. ಮುಂಜಾನಿ ಹೊತ್ತಿಗೆ ಬಾಯಿ ಪೂರಾ ತೆರದೇತಿ ಅಂದ್ರು. ಮಧ್ಯಾಹ್ನ ಆತು, ಕೂಸು ಇಳೀಲಿಲ್ಲ. ಡಾಕ್ಟರು ಸಹಿ ಮಾಡ್ರಿ, ಸೀಜರ್ ಮಾಡೂನು ಅಂದ್ರು. ನಮ್ಮ ಯಜಮಾನ್ರು ಹೇಳಿಬಿಟ್ರು, ಮಗಳು ಕೊಟ್ಟ ಮನಿಯಾಕಿ, ಬೀಗರನ್ನ ಕೇಳದ ಆಕಿ ಹೊಟ್ಟಿ ಕೊಯ್ಸಾಕ ನಾವ್ಯಾರು ಅಂತ."

"ಆವಾಗ ನಮಗ ಫೋನ್ ಹಚ್ಚಿದ್ರಿ," ಎಂದು ಅತ್ತೆ ಮುಂದುವರಿಸಿದಳು. "ಎಷ್ಟ ದೊಡ್ಡ ಮನಸ್ಸು ನೋಡ್ರಿ ಇವ್ರದು. ನಾವೂ ಅಂದ್ವಿ, ಬಾಣಂತನ ನಿಮ್ಮನ್ಯಾಗ ಐತಿ, ನೀವು ಹೆಂಗ ಅಂತೀರಿ ಹಂಗ."

"ನಾವು, ಇಲ್ರಿ ನೀವ ಹೇಳಬೇಕು ಅಂದ್ವಿ."

"ನಾವು ಹಂಗಾರ ಹಿರ್ಯಾರನ್ನ ಕೇಳೂನು ಅಂದ್ವಿ."

ಹಿರಿಯರು ಅಂದರೆ ಕಿತ್ತೂರಿನಲ್ಲಿರುವ ಗಂಡನ ದೊಡ್ಡಪ್ಪ. ಅವರು ಯಾರದೋ ಮದುವೆಯ ಊಟದಲ್ಲಿದ್ದರು, ಫೋನು ಎತ್ತಲಿಲ್ಲ. ಅದಕ್ಕೆ ಸಂಪಗಾಂವದವರು ಗಾಡಿ ಮಾಡಿಕೊಂಡು ಮೊದಲು ಕಿತ್ತೂರಿಗೆ ಹೋದರು. ರಾಮದುರ್ಗ ಇರುವುದು ಮೂಡಣಕ್ಕೆ, ಕಿತ್ತೂರು ಪಡುವಣಕ್ಕೆ. ಹಿರಿಯರು ಸಿಕ್ಕ ಮೇಲೆ ಬರೀ ಒಂದು ಮಾತು ಕೇಳಿ ಬಿಟ್ಟರೆ ಮರ್ಯಾದೆಯಲ್ಲ, ಕರೆದುಕೊಂಡೇ ಬರಬೇಕು. ಅವರು ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಗಾಡಿ ಹತ್ತಿದರು. ಸವದತ್ತಿಯಲ್ಲಿ ಚಹಾಕ್ಕೆ ನಿಂತರು. ರಾಮದುರ್ಗ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು ಗಂಭೀರವಾಗಿ ಒಂದು ಮಾತು ಹೇಳಿದರಂತೆ: "ಡಾಕ್ಟರ್ ಹೇಳಿದಂಗ ಮಾಡ್ರಿ."

ಈ ಮಹಾವಾಕ್ಯಕ್ಕಾಗಿ ಒಂದು ಹೆಣ್ಣು ಗರ್ಭಚೀಲದ ಬಾಯಿ ಪೂರ್ತಿ ತೆರೆದುಕೊಂಡು, ಕೂಸಿನ ತಲೆ ಎಲುಬಿನ ನಡುವೆ ಸಿಕ್ಕಿಕೊಂಡು, ಅರ್ಧ ದಿನ ತಿಣುಕಿತ್ತು. ಕೂಸು ನೀಲಿಯಾಗಿ ಬಂದು ಹೇಗೋ ಬದುಕಿತು. ಎರಡೂ ಮನೆಯವರು ಪರಸ್ಪರರ ದೊಡ್ಡ ಮನಸ್ಸನ್ನು ಮೆಚ್ಚಿ ಒಬ್ಬರಿಗೊಬ್ಬರು ಸೀರೆ ಕೊಟ್ಟು ಆಯೇರಿ ಮಾಡಿಕೊಂಡರು. ಇದನ್ನು ಹೇಳುವಾಗ ಇಬ್ಬರ ಮುಖವೂ ಅರಳಿತ್ತು. ನನಗೆ ಮೈಯೆಲ್ಲ ಉರಿಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಓದಿದವರಿಗೂ ಇದು ಗೊತ್ತಿರುವುದಿಲ್ಲ. ಸಿಸೇರಿಯನ್ ಅಂದರೆ ಎಲ್ಲವೂ ಒಂದೇ ಅಲ್ಲ. ಸಾಮಾನ್ಯವಾಗಿ ನಾವು ಕೊಯ್ಯುವುದು ಗರ್ಭಚೀಲದ ಕೆಳಭಾಗವನ್ನು. ಅದರ ಕೆಳಗಿರುವ ಬಾಯಿಗೆ, ಅಂದರೆ ಗರ್ಭಕಂಠಕ್ಕೆ, ಕತ್ತರಿ ತಾಗುವುದಿಲ್ಲ. ಆದರೆ ಬಾಯಿ ಪೂರ್ತಿ ತೆರೆದು ಬಹಳ ಹೊತ್ತಾದರೆ ಅದು ತೆಳ್ಳಗಾಗಿ ಮೇಲಕ್ಕೆ ಎಳೆದುಕೊಂಡು ಚೀಲದ ಜೊತೆ ಒಂದೇ ಹಾಳೆಯಾಗಿಬಿಡುತ್ತದೆ. ಎಲ್ಲಿ ಚೀಲ ಮುಗಿಯಿತು, ಎಲ್ಲಿ ಕಂಠ ಶುರುವಾಯಿತು, ಕಣ್ಣಿಗೆ ತಿಳಿಯುವುದಿಲ್ಲ. ಕೊಯ್ತ ಕೆಳಗೆ ಬೀಳಬಹುದು. ಸಿಕ್ಕಿಕೊಂಡ ತಲೆಯನ್ನು ಮೇಲೆತ್ತುವಾಗ ಕೊಯ್ತದ ಮೂಲೆ ಇನ್ನೂ ಕೆಳಗೆ ಹರಿಯಬಹುದು. ಗಾಯ ಮಾಯುತ್ತದೆ. ಮುಂದಿನ ಬಸಿರಿನಲ್ಲಿ ಭಾರ ಬಿದ್ದಾಗ ಆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿರುವ ಭರವಸೆ ಇರುವುದಿಲ್ಲ. ಇಂಥ ಸಿಸೇರಿಯನ್ ಆದ ಹೆಚ್ಚಿನ ಹೆಂಗಸರು ಮುಂದೆ ದಿನ ತುಂಬಿಯೇ ಹಡೆಯುತ್ತಾರೆ, ಎಲ್ಲರೂ ಹೆದರಬೇಕಿಲ್ಲ. ಆದರೆ ನಡುವಿನ ಕೂಸನ್ನು ಬೇನೆಯಿಲ್ಲದೆ ಕಳೆದುಕೊಂಡವಳು ಎದುರಿಗೆ ಕುಳಿತಾಗ ಪಪ್ಪಾಯಿಯ ಮೇಲೆ ಹಾಕಿ ಕಳಿಸುವುದು ಮೂರ್ಖತನ.

ಒಳಗಿನಿಂದ ಸ್ಕ್ಯಾನ್ ಮಾಡಬೇಕು ಎಂದೆ. ಅತ್ತೆಗೆ ಅದು ಸರಿಬರಲಿಲ್ಲ.

"ಕತ್ತರಿ ಹಾಕಿದ್ದು ಹೊಟ್ಟಿಗ್ರಿ. ಕೆಳಗ ಏನೂ ಆಗಿಲ್ಲ, ಕನ್ಯಾ ಇದ್ದಂಗ ಐತಿ. ಅಲ್ಲ್ಯಾಕ ನೋಡ್ತೀರಿ?"

"ಹೊಟ್ಟಿ ನೋಡಿದ್ರ ಹೊಟ್ಟಿ ಕಾಣತೈತ್ರಿ. ನನಗ ಬೇಕಾಗಿದ್ದು ಅಲ್ಲಿಲ್ಲ. ಇಬ್ರೂ ಹೊರಗ ಕುಂದರ್ರಿ," ಎಂದೆ.

ಹೊರಗೆ ಹೋಗುವಾಗ ಬಾಗಿಲಲ್ಲಿ ಮೊದಲು ಯಾರು ದಾಟಬೇಕೆಂಬುದಕ್ಕೂ ಅವರಿಬ್ಬರಲ್ಲಿ ಉಪಚಾರ ನಡೆಯಿತು.

ಸ್ಕ್ಯಾನಿನಲ್ಲಿ ನಾನು ಹೆದರಿದ್ದೇ ಕಂಡಿತು. ಗಾಯದ ಗೆರೆ ಚೀಲದ ಮೇಲಿರಲಿಲ್ಲ, ಕಂಠದ ಮೈಮೇಲೇ ಇತ್ತು. ಎಡಕ್ಕೆ ಒಂದು ಸೀಳು ಕೆಳಗಿನವರೆಗೆ ಇಳಿದಿತ್ತು. ಕಂಠದ ಉದ್ದ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಒಳಬಾಯಿ ಎಣ್ಣೆ ಹೊಯ್ಯುವ ಲಾಳಿಕೆಯಂತೆ ಅಗಲವಾಗಿತ್ತು, ಕೂಸಿನ ಸುತ್ತಲಿನ ನೀರಚೀಲ ಅದರೊಳಗೆ ಇಣುಕುತ್ತಿತ್ತು. ಕೂಸಿನ ಎದೆ ಮಾತ್ರ ಚೆನ್ನಾಗಿ ಬಡಿಯುತ್ತಿತ್ತು. ಹೀಗೇ ಬಿಟ್ಟರೆ ಇದೂ ಎರಡನೆಯದರ ದಾರಿ ಹಿಡಿಯುವುದು ಬಹುತೇಕ ಖಚಿತವಾಗಿತ್ತು.

ಬೆಳಗಾವಿಯಲ್ಲಿರುವ ನನ್ನ ಹಿರಿಯ ವೈದ್ಯೆಗೆ ಫೋನು ಮಾಡಿದೆ. ಇಂಥ ಹರಿದ ಕಂಠಕ್ಕೆ ಕೆಳಗಿನಿಂದ ಹಾಕುವ ಸಾಮಾನ್ಯ ಹೊಲಿಗೆ ಹಿಡಿಯುವುದಿಲ್ಲ, ಹಿಡಿದರೂ ಜಾರುತ್ತದೆ. ಹೊಟ್ಟೆ ತೆರೆದು ಮೇಲಿನಿಂದ ಹಾಕುವ ಹೊಲಿಗೆ ಗಟ್ಟಿ, ಆದರೆ ಬಸಿರು ಇಷ್ಟು ಬೆಳೆದ ಮೇಲೆ ಅದು ಕಷ್ಟ. ನಡುವಿನ ದಾರಿ ಒಂದಿದೆ: ಕೆಳಗಿನಿಂದಲೇ ಹೋಗಿ, ಮೂತ್ರಕೋಶವನ್ನು ಬಿಡಿಸಿ ಮೇಲೆ ಸರಿಸಿ, ಸೀಳಿಗಿಂತ ಮೇಲೆ ಇನ್ನೂ ಗಟ್ಟಿಯಾಗಿ ಉಳಿದ ಜಾಗದಲ್ಲಿ ಕಂಠದ ಸುತ್ತ ಲಾಡಿಯಂಥ ಪಟ್ಟಿ ಹೊಲಿದು ಬಿಗಿಯುವುದು. "ನೀನು ನನ್ನ ಜೊತೆ ಮಾಡೀಯಲ್ಲ, ಮಾಡು. ಜಾಗ ಸಿಗದಿದ್ರ ಕೈ ತಗದು ನನ್ನ ಹತ್ತರ ಕಳಸು," ಎಂದರು.

ಕೋಣೆಗೆ ಮರಳಿದರೆ ಬೀಗಿತಿಯರಿಬ್ಬರೂ ಮತ್ತೆ ಒಳಗಿದ್ದರು, ಗಂಡನೂ ಬಂದಿದ್ದ. ಇದೇ ಊರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ವಿಷಯ ಹೇಳಿದೆ. ಅವನು ಕಿಸೆಯಿಂದ ಫೋನು ತೆಗೆದ.

"ಯಾರಿಗ್ರಿ?"

"ಕಿತ್ತೂರಿಗ್ರಿ, ದೊಡ್ಡಪ್ಪಾರಿಗೆ. ಒಂದ ಮಾತು ಕೇಳಿ..."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವನನ್ನು, ಅವನ ತಾಯಿಯನ್ನು, ಬೀಗರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದೆ. ಶಿಕ್ಷಕಿಯ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ಸ್ಕ್ಯಾನಿನ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದೆ. ಹೊಲಿಗೆ ಹಾಕುವಾಗ ನೀರಚೀಲ ಒಡೆಯಬಹುದು, ಸೋಂಕು ಆಗಬಹುದು, ಎಲ್ಲ ಸರಿಯಾದರೂ ಕೂಸು ಬೇಗ ಬರಬಹುದು. ಹಾಕದಿದ್ದರೆ ಉಳಿಯುವ ಆಸೆ ತೀರ ಕಡಿಮೆ. ನಿಮ್ಮ ಒಪ್ಪಿಗೆಯೊಂದೇ ನನಗೆ ಬೇಕು, ಕಾನೂನು ಕೇಳುವುದೂ ಅದನ್ನೇ ಎಂದೆ.

ಅವಳು ಚಿತ್ರದಲ್ಲಿ ಸೀಳಿನ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಇವ್ರನ್ನ ಒಂದ ಮಾತು ಕೇಳತೇನ್ರಿ," ಎಂದಳು.

ನನಗೆ ಅವಳ ಮೇಲೂ ಅಸಹ್ಯ ಬಂತು. ಮುಚ್ಚಿಡುವುದೇಕೆ.

"ಟೀಚರ, ಸಾಲ್ಯಾಗ ಹುಡುಗ್ಯಾರಿಗೆ ಏನ ಕಲಸ್ತೀರಿ? ಲೆಕ್ಕಾ ಬಿಡಸೂ ಮೊದಲ ಕಿತ್ತೂರಿಗೆ ಫೋನ್ ಹಚ್ಚರಿ ಅಂತೀರೇನು?"

ಅವಳ ಮುಖ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನಾನ ಸಹಿ ಮಾಡಿ, ಆಮ್ಯಾಲ ಕೂಸು ಹೋದ್ರ?"

"ಎಲ್ಲಾರೂ ನಿಮ್ಮನ್ನ ಬೈತಾರ. ಸಹಿ ಮಾಡದ ಕೂಸು ಹೋದ್ರೂ ನಿಮ್ಮನ್ನ ಬೈತಾರ. ಹ್ವಾದ ಸಲ ಯಾರನ್ನ ಬೈದ್ರು?"

"ನನ್ನರಿ," ಎಂದು ಒಂದು ಕ್ಷಣ ನಕ್ಕಳು. "ಪೆನ್ ಕೊಡ್ರಿ."

ಮರುದಿನ ಬೆಳಿಗ್ಗೆ ಮೊದಲ ಕೇಸೇ ಅವಳದು. ಬೆನ್ನಿಗೆ ಸೂಜಿ ಕೊಟ್ಟು ಮರಗಟ್ಟಿಸಿ, ನೀರಚೀಲ ಒಳಕ್ಕೆ ಸರಿಯಲೆಂದು ಟೇಬಲ್ಲಿನ ತಲೆಯ ಕಡೆಯನ್ನು ತಗ್ಗಿಸಿದೆವು. ಮುಂಭಾಗದ ಚರ್ಮವನ್ನು ಅಡ್ಡಲಾಗಿ ಕೊಯ್ದು ಮೂತ್ರಕೋಶ ಬಿಡಿಸಲು ಹೋದರೆ ಅದು ಹಳೆಯ ಗಾಯಕ್ಕೆ ಅಂಟಿಕೊಂಡು ಕುಳಿತಿತ್ತು. ಬೆರಳಿನಿಂದ ದೂಡುವಂತಿರಲಿಲ್ಲ. ಕತ್ತರಿಯ ತುದಿಯಿಂದ ಎಳೆ ಎಳೆಯಾಗಿ ಬಿಡಿಸಿದೆ. ಅರಿವಳಿಕೆಯ ವೈದ್ಯರು ಎರಡು ಸಲ ಗಡಿಯಾರ ನೋಡಿದರು. ನೋಡಲಿ ಎಂದು ಬಿಡಿಸುತ್ತಲೇ ಹೋದೆ.

ಪಟ್ಟಿಯ ಮೊದಲ ಹೊಲಿಗೆ ಹಾಕಿ ಬಿಗಿ ಮಾಡಿದೆ. ಎಡಗಡೆ ಅದು ಮೆತ್ತಗಿನ ಬೆಣ್ಣೆಯಂತೆ ಮಾಂಸವನ್ನು ಕೊಯ್ದುಕೊಂಡು ಹೊರಗೆ ಬಂತು. ಸೀಳು ನಾನು ಸ್ಕ್ಯಾನಿನಲ್ಲಿ ಎಣಿಸಿದ್ದಕ್ಕಿಂತ ಮೇಲಿತ್ತು. ರಕ್ತ ಒಸರಿತು. ಒಂದು ಕಡೆ ಬಟ್ಟೆ ಒತ್ತಿ ಹಿಡಿದು ನಿಂತೆ. ಇಲ್ಲಿಗೆ ನಿಲ್ಲಿಸಿ ಬೆಳಗಾವಿಗೆ ಕಳಿಸಬಹುದಿತ್ತು, ಹಾಗೆಂದೇ ನನ್ನ ಹಿರಿಯ ವೈದ್ಯೆ ಹೇಳಿದ್ದರು. ಆದರೆ ಮೂತ್ರಕೋಶ ಇನ್ನೊಂದು ಬೆರಳಗಲ ಮೇಲೆ ಸರಿದರೆ ಗಟ್ಟಿ ಜಾಗ ಇದೆಯೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಬಿಡಿಸಿದೆ. ಎಡಕ್ಕೆ ರಕ್ತನಾಳವನ್ನು ಬೆರಳಿನಿಂದ ಬದಿಗೊತ್ತಿ, ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ತಂದೆ. ಈ ಸಲ ಎಳೆದಾಗ ಎದುರು ಎಳೆತ ಸಿಕ್ಕಿತು. ಗಂಟು ಹಾಕಿದೆ. ಕೊಳವೆಯಲ್ಲಿ ಮೂತ್ರ ತಿಳಿಯಾಗಿ ಬಂತು, ಅಂದರೆ ಮೂತ್ರಕೋಶಕ್ಕೆ ಗಾಯವಾಗಿರಲಿಲ್ಲ, ಕೂಸಿನ ಎದೆಬಡಿತವೂ ಕೇಳಿಸಿತು. ಆಗ ಮಾತ್ರ ಕೈಗವಸು ಕಳಚಿದೆ.

ಮಧ್ಯಾಹ್ನ ಕಿತ್ತೂರಿನ ಹಿರಿಯರು ಖುದ್ದಾಗಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆರಳಿಗೆ ಉಂಗುರ. ನಿಂತೇ ಮಾತಾಡಿದರು.

"ಡಾಕ್ಟರ್ ಬಾಯಾರ, ನಮ್ಮ ಮನಿತನದ ಸೊಸಿಗೆ ಆಪ್ರೇಶನ್ ಮಾಡೀರಿ. ನಮಗ ಒಂದ ಮಾತು ಕೇಳಲಿಲ್ಲ."

"ನಿಮಗ ಗರ್ಭಚೀಲ ಐತೇನ್ರಿ?"

ಅವರು ಬೆರಳಿನ ಉಂಗುರ ತಿರುವಿದರು.

"ಇಲ್ಲಲ್ಲ? ಹಂಗಾರ ಕುಂದರ್ರಿ. ಚಾ ತರಸ್ತೇನಿ, ಕುಡದ ಹೋಗ್ರಿ."

ಅವರು ಕೂರಲಿಲ್ಲ. ಈ ಬಾಯಿಗೆ ನಿಮ್ಮ ದವಾಖಾನೆ ನಡೆಯುವುದಿಲ್ಲ ಎಂದು ಹೇಳಿ ಹೋದರು. ಇನ್ನೂ ನಡೆಯುತ್ತಿದೆ.

ಆಮೇಲಿನ ವಾರಗಳು ಬರೀ ಕಾಯುವ ಕೆಲಸ. ಬಸಿರು ನಿಲ್ಲಲೆಂದು ಒಳಗೆ ಇಟ್ಟುಕೊಳ್ಳುವ ಪ್ರೊಜೆಸ್ಟರಾನ್ ಗುಳಿಗೆ, ಎರಡೆರಡು ವಾರಕ್ಕೆ ಕಂಠದ ಅಳತೆ. ಶಾಲೆಗೆ ರಜೆ ಹಾಕಿಸಿದೆ, ಹಾಸಿಗೆಗೆ ಕಟ್ಟಿಹಾಕಲಿಲ್ಲ. ಇಡೀ ದಿನ ಮಲಗಿಸಿದರೆ ಕೂಸು ನಿಲ್ಲುತ್ತದೆಂಬುದು ನಮ್ಮವರಲ್ಲಿ ಹಲವರು ಇನ್ನೂ ಬಿಡದ ಹಳೆಯ ನಂಬಿಕೆ. ಏಳನೇ ತಿಂಗಳ ಕೊನೆಗೆ ಹೊಟ್ಟೆ ಗಟ್ಟಿಯಾಗತೊಡಗಿತು. ದಾಖಲು ಮಾಡಿಕೊಂಡು, ಕೂಸಿನ ಪುಪ್ಪುಸ ಬಲಿಯಲೆಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟೆ. ಬೆಳಗಾವಿಗೆ ಕಳಿಸಲು ಆಂಬುಲೆನ್ಸಿಗೂ ಹೇಳಿಟ್ಟೆ. ಹೊಟ್ಟೆ ಸಡಿಲಾಯಿತು, ಹೊಲಿಗೆ ಹಿಡಿದಿತ್ತು. ಆ ದಿನಗಳಲ್ಲಿ ಬೀಗಿತಿಯರಿಬ್ಬರೂ ಬುತ್ತಿ ಕಟ್ಟಿಕೊಂಡು ಬಂದು, ಯಾರ ಬುತ್ತಿ ಮೊದಲು ಉಣ್ಣಿಸಬೇಕೆಂದು ಉಪಚಾರ ಮಾಡುತ್ತ ಅನ್ನ ಆರಿಸಿಬಿಡುತ್ತಿದ್ದರು. ಕೊನೆಗೆ ನರ್ಸು ಎರಡನ್ನೂ ಕಸಿದುಕೊಂಡು ಉಣ್ಣಿಸುತ್ತಿದ್ದಳು.

ಮೂವತ್ತೈದನೇ ವಾರ ನಡೆದಿದ್ದಾಗ ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಆಟೋ ನಿಂತಿತು. ಶಿಕ್ಷಕಿ ಒಬ್ಬಳೇ ಇಳಿದಳು. ಸೀರೆ ಒದ್ದೆಯಾಗಿತ್ತು.

"ನೀರ ಹೋಗಾಕತ್ತಾವ್ರಿ. ಅವ್ರೆಲ್ಲಾ ಅಲ್ಲೇ ಫೋನ್ ಹಚ್ಚಾಕ ಹತ್ಯಾರ. ನಾ ಬಂದಬಿಟ್ಟೆ. ಕಾಗದಾ ಕೊಡ್ರಿ ಮೊದಲ."

ಅವಳು ಸಹಿ ಮಾಡಿದ ಮೇಲೆ ಪರೀಕ್ಷೆ ಮಾಡಿದೆ. ಬೇನೆ ಶುರುವಾಗುತ್ತಿತ್ತು. ಬೇನೆಯ ಒತ್ತಡಕ್ಕೆ ಪಟ್ಟಿ ಕಂಠವನ್ನು ಸೀಳುವ ಮುಂಚೆ ಕೂಸನ್ನು ತೆಗೆಯಬೇಕಿತ್ತು. ಮಕ್ಕಳ ವೈದ್ಯರು ಓಡಿ ಬಂದರು. ಈ ಸಲ ಕೊಯ್ತವನ್ನು ಮೇಲೆ, ಹಳೆಯ ಗಾಯದಿಂದ ದೂರ ಇಟ್ಟೆ. ಗಂಡು ಕೂಸು, ಎರಡು ಕೆಜಿಗೆ ಸ್ವಲ್ಪ ಹೆಚ್ಚು. ಹೊರಗೆ ಬರುವಾಗಲೇ ಅತ್ತಿತು. ನನ್ನ ಕಣ್ಣು ತುಂಬಿತು, ಮಾಸ್ಕಿನ ಮರೆಯಲ್ಲಿ ಯಾರಿಗೂ ಕಾಣಲಿಲ್ಲ. ಹೊಟ್ಟೆ ಹೊಲಿದಾದ ಮೇಲೆ ಕೆಳಗಿನ ಪಟ್ಟಿ ಬಿಚ್ಚಿದೆ. ಎಡಗಡೆ ಅದನ್ನು ಹಿಡಿದುಕೊಂಡಿದ್ದು ಒಂದೆರಡು ಎಳೆಯಷ್ಟು ಮಾಂಸ ಮಾತ್ರ.

ಮನೆಗೆ ಹೋಗುವ ದಿನ ಎಲ್ಲರೂ ಕೂಡಿದರು. ಗಂಡ ಪೇಢಾ ಹಂಚಿದ. ಅತ್ತೆ ನನ್ನ ಕೈ ಹಿಡಿದು, "ಎಲ್ಲಾ ನಮ್ಮ ಬೀಗರ ಪುಣ್ಯಾರಿ," ಎಂದಳು. ತಾಯಿ, "ಇಲ್ರಿ, ನಿಮ್ಮ ಮನಿತನದ ಪುಣ್ಯಾ," ಎಂದಳು. ನಾನು ಎದ್ದು ಹೊರಡುವವಳಿದ್ದೆ. ಮಂಚದ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದ ಶಿಕ್ಷಕಿ ಕರೆದಳು.

"ಡಾಕ್ಟರ್ ಬಾಯಾರ, ಇವ್ರ ಮುಂದ ಒಂದ ಕೇಳತೇನಿ, ಇದ್ದದ್ದ ಹೇಳ್ರಿ. ಆವತ್ತ ರಾಮದುರ್ಗದಾಗ ಮಧ್ಯಾಹ್ನನ ಸಹಿ ಆಗಿದ್ರ, ನನ್ನ ನಡುವಿನ ಕೂಸು ಬದುಕತಿತ್ತೇನ್ರಿ?"

ಗಂಡ ಪೇಢಾದ ಡಬ್ಬಿ ಹಿಡಿದು ನಿಂತೇ ಇದ್ದ. ಹಾರಿಕೆಯ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಕೊಡಲು ಮನಸ್ಸಾಗಲಿಲ್ಲ.

"ಖಾತ್ರಿ ಹೇಳಾಕ ಬರಂಗಿಲ್ಲ. ಆದರ ಮಧ್ಯಾಹ್ನ ಆಗಿದ್ರ ಇಷ್ಟ ಕೆಳಗ ಹರೀತಿರಲಿಲ್ಲ ಅಂತ ನನಗ ಅನಸ್ತೈತಿ. ಹರೀದಿದ್ರ ಆ ಕೂಸು ನಿಲ್ಲತಿತ್ತು ಅಂತ ನಾ ನಂಬೇನಿ."

ಬೀಗಿತಿಯರು ಒಬ್ಬರನ್ನೊಬ್ಬರು ನೋಡಿದರು. ಮೊದಲು ಬಾಯಿಬಿಟ್ಟದ್ದು ತಾಯಿ.

"ನೀವು ಫೋನಿನ್ಯಾಗ ಒಂದ ಸಲ ಹೂಂ ಅಂದಿದ್ರ ಸಾಕಿತ್ತಲ್ಲ."

"ಹಡದಾಕಿ ನೀನು. ಮಗ್ಗಲದಾಗ ನಿಂತಾಕಿ ನೀನು. ನಿನ್ನ ಕೈಗೇನಾಗಿತ್ತು?"

"ನನ್ನ ಕೈ ಕೇಳತೀಯಾ? ಮೂಡಲಾಗಿ ಬರೂದು ಬಿಟ್ಟು ಪಡುವಲಾಗಿ ಗಾಡಿ ಹೊಡಸಿದಾಕಿ ನೀನಲ್ಲ?"

ಅಷ್ಟು ವರ್ಷ ಕಾಯ್ದುಕೊಂಡು ಬಂದ ಮರ್ಯಾದೆ ಎರಡು ಮಾತಿನಲ್ಲಿ ಮುಗಿಯಿತು. ಗಂಡ ನಡುವೆ ಹೋಗಿ ಬಿಡಿಸಲು ನೋಡಿದ, ಇಬ್ಬರೂ ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಶಿಕ್ಷಕಿ ಅವರ ಕಡೆ ನೋಡದೆ ಕೂಸನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ಹಚ್ಚಿಕೊಂಡಳು. ಆಮೇಲೆ ಹೇಳಿದಳು, ದನಿ ಏರಿಸದೆ.

"ಯವ್ವಾ, ಅತ್ತೀ, ಇಬ್ರೂ ಸುಮ್ಮನಾಗ್ರಿ. ಆವತ್ತ ನನಗ ಎಚ್ಚರಾ ಇತ್ತು. ಬಾಗಲಾ ತೆರದ ಇತ್ತು. ನೀವು ಹೊರಗ ನೀವ ಹೇಳ್ರಿ, ನೀವ ಹೇಳ್ರಿ ಅನ್ನೂದು ಎಲ್ಲಾ ಕೇಳಸ್ತಿತ್ತು. ಯಾರರೆ ಒಬ್ರು ಒಳಗ ಬಂದು ನನ್ನ ಕೇಳತಾರೇನಂತ ಸಂಜೀತನಕಾ ಬಾಗಲಾ ನೋಡಕೋತ ಮಲಗಿದ್ದೆ."